ಹರಿದ ಕಿವಿಯೂ ಚಿತ್ರದಲ್ಲಿರಲಿ

ನಮ್ಮ ಮನೆಯಲ್ಲಿ ಹದಿಮೂರು ವರ್ಷ ಬಾಳಿದ ನಾಯಿಯ ಹೆಸರು ಕರಿಯ. ಅದು ಜಾತಿನಾಯಿಯಲ್ಲ. ಮಳೆಗಾಲದ ಒಂದು ಸಂಜೆ ಗೇಟಿನ ಸಂದಿಯಿಂದ ನುಸುಳಿ ಬಂದು, ಅಮ್ಮ ಹಾಕಿದ ಅನ್ನ ತಿಂದು, ಮತ್ತೆ ಹೊರಗೆ ಹೋಗಲು ಒಪ್ಪದೆ ಉಳಿದುಕೊಂಡ ಬೀದಿಮರಿ. ಮುಂದೊಂದು ದಿನ ಬೀದಿಯ ಕಾದಾಟದಲ್ಲಿ ಅದರ ಎಡಗಿವಿ ಹರಿದು ಎರಡು ಸೀಳಾಯಿತು. ಎರಡು ವರ್ಷಗಳ ಹಿಂದೆ ಅದು ತೀರಿಕೊಂಡಾಗ ಅಮ್ಮನಿಗೆ ಎಂಬತ್ತು ತುಂಬುವುದರಲ್ಲಿತ್ತು. ಹುಟ್ಟುಹಬ್ಬಕ್ಕೆ ಕರಿಯನ ಚಿತ್ರ ಬರೆಸಿ ಕೊಡೋಣವೆಂದು ನನಗೆ ತೋರಿತು. ಫೋನಿನಲ್ಲಿದ್ದ ಛಾಯಾಚಿತ್ರಗಳಲ್ಲಿ ಒಂದನ್ನು ಆರಿಸಿ, ಅಂತರ್ಜಾಲದಲ್ಲಿ ಕಂಡ ಒಂದು ಸಂಸ್ಥೆಗೆ ಕಳಿಸಿ, ಹಣ ಕಟ್ಟಿದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಎಂಟನೆಯ ದಿನ ಚಿತ್ರ ಮನೆ ಬಾಗಿಲಿಗೆ ಬಂತು. ಮೈತುಂಬ ಮಿರುಗುವ ಕೂದಲು, ಗಾಜಿನಂತೆ ಹೊಳೆಯುವ ಕಣ್ಣು, ಕೊರಳಿಗೆ ಕೆಂಪು ಪಟ್ಟಿ, ಹಿಂದೆ ಹೂತೋಟ. ಎರಡು ಕಿವಿಗಳೂ ನೆಟ್ಟಗೆ, ಸಮವಾಗಿ ನಿಂತಿದ್ದವು. ಅಮ್ಮ ಕನ್ನಡಕ ಸರಿಪಡಿಸಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಳಿಕ, "ಚೆನ್ನಾಗಿದೆ ಕಣೋ. ಯಾರ ಮನೆ ನಾಯಿ ಇದು?" ಎಂದು ಕೇಳಿದರು.

ಮೊದಲಿಗೆ ನನಗೆ ಸಿಟ್ಟು ಬಂದದ್ದು ಆ ಸಂಸ್ಥೆಯ ಮೇಲೆ. ಆದರೆ ಸಮಾಧಾನದಿಂದ ಯೋಚಿಸಿದಾಗ ತಪ್ಪಿನ ಬಹುಪಾಲು ನನ್ನದೇ ಎಂಬುದು ಸ್ಪಷ್ಟವಾಯಿತು. ನಾನು ಕಳಿಸಿದ್ದು ಒಂದೇ ಒಂದು ಛಾಯಾಚಿತ್ರ. ಅದೂ ನಾಯಿಯ ನೆತ್ತಿಯ ಮೇಲಿನಿಂದ, ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದು. ಕಿವಿ ಹರಿದಿತ್ತೆಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಅಷ್ಟೇ ಅಲ್ಲ, ಆರ್ಡರ್ ನಮೂನೆಯಲ್ಲಿ 'ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಬೇಕೆ?' ಎಂಬ ಪ್ರಶ್ನೆಗೆ ನಾನೇ 'ಹೌದು' ಎಂದು ಗುರುತು ಹಾಕಿದ್ದೆ. ನಾನು ದೋಷವೆಂದು ಭಾವಿಸಿದ್ದೇ ಅಮ್ಮನ ಪಾಲಿಗೆ ಕರಿಯನ ಗುರುತಾಗಿತ್ತು.

ಸಾಕುಪ್ರಾಣಿಗಳ ಚಿತ್ರ ಬರೆಸುವುದು ಈಗ ನಮ್ಮ ನಗರಗಳಲ್ಲಿ ಅಪರೂಪದ ಸಂಗತಿಯಲ್ಲ. ಮದುವೆಯ ಉಡುಗೊರೆಯಾಗಿ, ಹುಟ್ಟುಹಬ್ಬದ ಕಾಣಿಕೆಯಾಗಿ, ಹೆಚ್ಚಾಗಿ ಅಗಲಿದ ಜೀವದ ನೆನಪಿಗಾಗಿ ಜನ ಚಿತ್ರ ಬರೆಸುತ್ತಿದ್ದಾರೆ. ಕಲಾಶಾಲೆಗಳಿಂದ ಹೊರಬಂದ ಎಷ್ಟೋ ಯುವಕ ಯುವತಿಯರಿಗೆ ಇದು ಜೀವನೋಪಾಯದ ಒಂದು ದಾರಿ. ಇದನ್ನು ಪಾಶ್ಚಾತ್ಯರ ಅನುಕರಣೆ, ಹಣವಂತರ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ಆ ಆಕ್ಷೇಪವನ್ನು ಪರಿಶೀಲಿಸುವ ಮೊದಲು ನಮ್ಮದೇ ನೆಲದ ಒಂದು ಕಲ್ಲನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನ ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಹಾಗೂ ಗಂಗರ ಇಮ್ಮಡಿ ಬೂತುಗ ಒಂದಾಗಿ ಚೋಳರನ್ನು ತಕ್ಕೋಲದಲ್ಲಿ ಎದುರಿಸಿದ ಯುದ್ಧದ ವಿವರ ಅದರಲ್ಲಿರುವುದರಿಂದ ಇತಿಹಾಸಕಾರರಿಗೆ ಅದು ಮುಖ್ಯ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನನ್ನು ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಎರಗಿ, ಅದನ್ನು ಕೊಂದು, ತಾನೂ ಸತ್ತಿತು. ಮಣಲೆರ ಅದಕ್ಕಾಗಿ ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಭೂಮಿಯನ್ನು ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುವುದೆಂದೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಆ ಕಲ್ಲಿನಲ್ಲಿ ಕೆತ್ತಿರುವುದು ನಾಯಿ ಮತ್ತು ಹಂದಿಯ ಕಾದಾಟ. ರಾಜರ ಬಿರುದುಗಳು, ಯುದ್ಧದ ವರ್ಣನೆ ಎಲ್ಲವೂ ಅಕ್ಷರಗಳಲ್ಲಿವೆ. ಚಿತ್ರದ ಗೌರವ ಮಾತ್ರ ಪ್ರಾಣಿಗಳಿಗೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನ ಒಬ್ಬ ಯೋಧ ತನ್ನ ನಾಯಿಗಾಗಿ ಶಿಲ್ಪಿಯನ್ನು ಕರೆಸಿದ್ದ. ಹಾಗೆ ಕರೆಸಿದವನು ಶಿಲ್ಪಿಗೆ ಏನನ್ನು ಹೇಳಿದ್ದನೆಂಬುದು ಕಲ್ಲಿನಿಂದಲೇ ತಿಳಿಯುತ್ತದೆ: ನಾಯಿ ಏನು ಮಾಡಿತೋ ಅದನ್ನು ಕೆತ್ತು. ಬಿಡಿ ನಾಯಿಯೊಂದನ್ನು ಅಂದವಾಗಿ ನಿಲ್ಲಿಸಿದ್ದರೆ ಅದು ಯಾವ ನಾಯಿಯಾದರೂ ಆಗಬಹುದಿತ್ತು. ಹಂದಿಯ ಎದುರು ನಿಂತದ್ದರಿಂದಲೇ ಅದು ಕಾಳಿ.

ಮೊಗಲ್ ಚಕ್ರವರ್ತಿ ಜಹಾಂಗೀರನಿಗೂ ಈ ಸೂಕ್ಷ್ಮ ತಿಳಿದಿತ್ತು. 1612ರಲ್ಲಿ ಗೋವೆಯಿಂದ ತರಿಸಿದ ಟರ್ಕಿ ಕೋಳಿಯೇ ಮೊದಲಾದ ಅಪರೂಪದ ಪ್ರಾಣಿಪಕ್ಷಿಗಳನ್ನು ಕಂಡು ಅವನು ಬರಿಯ ವರ್ಣನೆಗೆ ತೃಪ್ತನಾಗಲಿಲ್ಲ. ತನ್ನ ಮುತ್ತಜ್ಜ ಬಾಬರ್ ಪ್ರಾಣಿಗಳ ಬಗ್ಗೆ ಬರೆದಿದ್ದರೂ ಅವುಗಳ ಚಿತ್ರ ಬರೆಸಲಿಲ್ಲವೆಂದು ತನ್ನ ಆತ್ಮಕಥೆಯಲ್ಲಿ ನೆನೆದು, ತಾನು ಚಿತ್ರಕಾರರಿಂದ ಬರೆಸುತ್ತಾನೆ. ಅವನ ಆಸ್ಥಾನದ ಮನ್ಸೂರ್ ಬರೆದ ಟರ್ಕಿ ಕೋಳಿಯಲ್ಲಿ ಕೊರಳಿನ ಸುಕ್ಕುಸುಕ್ಕಾದ ಚರ್ಮವೂ ಉಳಿದಿದೆ. ಚಕ್ರವರ್ತಿಗೆ ತೋರಿಸುವುದೆಂದು ಅವನು ಅದನ್ನು ನಯಗೊಳಿಸಲಿಲ್ಲ.

ಇಂಗ್ಲೆಂಡಿನ ಒಂದು ಉದಾಹರಣೆಯೂ ಇಲ್ಲಿ ಉಚಿತ. 1841ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಪತಿ ಆಲ್ಬರ್ಟನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡಲು, ಅವನ ಪ್ರೀತಿಯ ಗ್ರೇಹೌಂಡ್ ನಾಯಿ ಈಯಾಸ್‌ನ ಚಿತ್ರವನ್ನು ಎಡ್ವಿನ್ ಲ್ಯಾಂಡ್‌ಸೀರ್‌ನಿಂದ ಬರೆಸಿದಳು. ಚಿತ್ರದಲ್ಲಿ ಆಲ್ಬರ್ಟ್ ಇಲ್ಲ. ನಾಯಿಯ ಪಕ್ಕದಲ್ಲಿ ಅವನ ಟೋಪಿ ಇದೆ, ಕೈಗವಸುಗಳಿವೆ. ನಾಯಿಯ ಚಿತ್ರವೆಂದರೆ ಅದರ ಜೊತೆ ಬದುಕಿದವರ ಚಿತ್ರವೂ ಹೌದೆಂಬುದನ್ನು ಆ ಎರಡು ವಸ್ತುಗಳು ಹೇಳಿಬಿಡುತ್ತವೆ.

ಮೊದಲ ಚಿತ್ರ ಸೋತ ಮೇಲೆ ನಾನು ಎರಡನೆಯ ಬಾರಿ ಹೋದದ್ದು ನಮ್ಮ ಬಡಾವಣೆಯಲ್ಲೇ ಇರುವ, ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರ ಬಳಿಗೆ. ಅವರು ಮುಂಗಡವನ್ನೂ ಕೇಳಲಿಲ್ಲ, ಚಿತ್ರದ ಅಳತೆಯನ್ನೂ ಕೇಳಲಿಲ್ಲ. "ನಾಯಿಗೆ ಅನ್ನ ಹಾಕುತ್ತಿದ್ದವರು ಯಾರು?" ಎಂದರು. ಅಮ್ಮ ಎಂದೆ. "ಹಾಗಾದರೆ ನಾನು ಅವರ ಹತ್ತಿರ ಮಾತಾಡಬೇಕು" ಎಂದರು. ಮರುದಿನ ಮನೆಗೆ ಬಂದು ನಡುಮನೆಯಲ್ಲಿ ಕುಳಿತು, "ಅಮ್ಮಾ, ನೀವು ಅಡುಗೆಮನೆಯಲ್ಲಿರುವಾಗ ಅದು ಎಲ್ಲಿ ಮಲಗುತ್ತಿತ್ತು?" ಎಂದು ಕೇಳಿದರು. ಯಾವ ಮಗ್ಗುಲಿಗೆ ಮಲಗುತ್ತಿತ್ತು, ಕರೆದರೆ ಮೊದಲು ಎತ್ತುತ್ತಿದ್ದುದು ತಲೆಯನ್ನೋ ಕಿವಿಯನ್ನೋ, ಮುಪ್ಪಿನಲ್ಲಿ ಮುಖದ ಯಾವ ಭಾಗ ಮೊದಲು ನರೆಯಿತು ಎಂದೆಲ್ಲ ವಿಚಾರಿಸಿದರು. ಅಮ್ಮ ಒಂದೂವರೆ ಗಂಟೆ ಮಾತನಾಡಿದರು. ಕರಿಯ ಸತ್ತ ದಿನದಿಂದ ಅದರ ಬಗ್ಗೆ ಅವರು ಅಷ್ಟು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಕೇಳುವ ಪ್ರಯತ್ನವನ್ನೂ ಮಾಡಿರಲಿಲ್ಲ.

ಹದಿನೈದು ದಿನಗಳ ಬಳಿಕ ಮೇಷ್ಟ್ರು ಪೆನ್ಸಿಲಿನ ಕರಡು ತಂದರು. ಹೊಸ್ತಿಲಿನ ಈಚೆ ಮಲಗಿದ ನಾಯಿ, ಹರಿದ ಕಿವಿ ಒಳಗಿನ ಸದ್ದಿನತ್ತ ತಿರುಗಿದೆ, ಮುಂದೆ ಒಂದು ತಟ್ಟೆ. ಅಮ್ಮ ತುಂಬ ಹೊತ್ತು ನೋಡಿದರು. ಕೊನೆಗೆ, "ತಟ್ಟೆ ಇದಲ್ಲ ಮೇಷ್ಟ್ರೇ, ಅಂಚು ನಗ್ಗಿದ ತಟ್ಟೆ ಅದರದ್ದು. ಹಿತ್ತಲಲ್ಲಿದೆ, ತಂದು ತೋರಿಸುತ್ತೇನೆ" ಎಂದು ಎದ್ದರು. ಈ ಬಾರಿ ಯಾರ ಮನೆಯ ನಾಯಿ ಎಂಬ ಪ್ರಶ್ನೆಯೇ ಬರಲಿಲ್ಲ. ಜಗಳ ತಟ್ಟೆಯ ಬಗ್ಗೆ ಮಾತ್ರ.

ಈ ಅನುಭವದಿಂದ ನನಗೆ ಮನವರಿಕೆಯಾದದ್ದು ಇಷ್ಟು: ಹೋಲಿಕೆ ಎನ್ನುವುದು ಅಂಗಡಿಯಲ್ಲಿ ಕೊಳ್ಳುವ ಸಿದ್ಧವಸ್ತುವಲ್ಲ. ಬರೆಯುವವರ ಕೈ ಎಷ್ಟೇ ಪಳಗಿರಲಿ, ಬರೆಸುವವರು ತಮ್ಮ ಪ್ರಾಣಿಯನ್ನು ಎಷ್ಟು ಬಲ್ಲರೋ ಅಷ್ಟೇ ಚಿತ್ರದೊಳಗೆ ಬರುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಬರೆಸುವವರ ಹೊಣೆ ತೀರುವುದಿಲ್ಲ.

ಆ ಹೊಣೆಯ ಮೊದಲ ಭಾಗ ಬಹಳ ಸರಳ. ಚಿತ್ರಕಾರರಿಗೆ ಒಂದಲ್ಲ, ಹತ್ತಾರು ಛಾಯಾಚಿತ್ರಗಳನ್ನು ಕೊಡಬೇಕು. ನಾವು ನಿಂತು, ಪ್ರಾಣಿಯನ್ನು ಮೇಲಿನಿಂದ ತೆಗೆದ ಚಿತ್ರದಲ್ಲಿ ತಲೆ ದೊಡ್ಡದಾಗಿ ಕಾಲುಗಳು ಕುಗ್ಗುತ್ತವೆ. ಫೋನನ್ನು ಮುಖದ ತೀರ ಹತ್ತಿರ ಹಿಡಿದರೆ ಮೂತಿ ಉಬ್ಬಿ ಕಾಣುತ್ತದೆ. ನೆಲದ ಮೇಲೆ ಕುಳಿತು, ಅದರ ಕಣ್ಣಿನ ಮಟ್ಟದಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆಯುವುದು ಉತ್ತಮ. ಫ್ಲ್ಯಾಶ್ ಬೇಡ. ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವೊಂದಿದೆ. ಫ್ಲ್ಯಾಶ್ ಬಿದ್ದೊಡನೆ ಅದು ಹಸಿರಾಗಿಯೋ ಹಳದಿಯಾಗಿಯೋ ಹೊಳೆದು ಕಣ್ಣಿನ ನಿಜವಾದ ಬಣ್ಣ ಅಳಿಸಿಹೋಗುತ್ತದೆ. ಕಪ್ಪು ಪ್ರಾಣಿಯನ್ನು ಬಿರುಬಿಸಿಲಿನಲ್ಲಿ ತೆಗೆದರೆ ಉಳಿಯುವುದು ಒಂದು ಕಪ್ಪು ಮುದ್ದೆ ಮಾತ್ರ. ಪ್ರಾಣಿ ಇನ್ನೂ ಬದುಕಿರುವವರು ಈ ಕೆಲಸವನ್ನು ಇಂದೇ ಮಾಡುವುದು ವಿವೇಕ. ಕರಿಯನ ಛಾಯಾಚಿತ್ರಗಳಲ್ಲಿ ಹರಿದ ಕಿವಿ ಸ್ಪಷ್ಟವಾಗಿ ಕಾಣುವಂಥವು ನಮ್ಮಲ್ಲಿದ್ದದ್ದು ಎರಡೇ.

ಎರಡನೆಯದು ಮಾಧ್ಯಮದ ಆಯ್ಕೆ. ಪೆನ್ಸಿಲಿನ ಚಿತ್ರಕ್ಕೆ ರೇಖೆಯ ನಿಖರತೆ ಇದೆ. ಕೂದಲಿನ ಮೃದುತ್ವಕ್ಕೆ ಪಾಸ್ಟೆಲ್ ಒಗ್ಗುತ್ತದೆ. ಜಲವರ್ಣಕ್ಕೆ ಹಗುರವಾದ ಸೊಬಗಿದೆ. ತೈಲವರ್ಣ ದೀರ್ಘಕಾಲ ಬಾಳುತ್ತದೆ, ಆದರೆ ಪದರ ಪದರವಾಗಿ ಒಣಗಲು ವಾರಗಟ್ಟಲೆ ಬೇಕು. ನಾಳೆಯ ಸಮಾರಂಭಕ್ಕೆ ಇಂದು ತೈಲಚಿತ್ರ ಬೇಕೆಂದು ಒತ್ತಾಯಿಸುವುದು ಅಕ್ಕಿ ಬೇಯುವ ಮೊದಲೇ ಎಲೆ ಹಾಕಿ ಕೂತಂತೆ. ಕಾಗದದ ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಕಾಗದ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇಡಿಸಬೇಕು. ಇಲ್ಲವಾದರೆ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯಲ್ಲಿ ಜಲವರ್ಣವನ್ನು ತೂಗುಹಾಕಬಾರದು; ಬಣ್ಣ ಮಾಸುತ್ತದೆ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು, ಕಲಾವಿದರೊಂದಿಗಿನ ನಡವಳಿಕೆ. ಪ್ರತಿ ವರ್ಷ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ, ಎದುರು ಕುಳಿತವರ ಮುಖವನ್ನು ಬರೆದುಕೊಡುವ ಕಲಾವಿದರನ್ನು ಕಾಣಬಹುದು. ಅವರ ಮುಂದೆ ನಿಂತು ಚೌಕಾಸಿ ಮಾಡುವವರನ್ನೂ ಕಾಣಬಹುದು. ಅರ್ಧ ಗಂಟೆಯ ಕೆಲಸಕ್ಕೆ ಇಷ್ಟೇಕೆ ಎಂದು ಕೇಳುವವರು, ಆ ಅರ್ಧ ಗಂಟೆಯ ಹಿಂದಿರುವ ಇಪ್ಪತ್ತು ವರ್ಷಗಳ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಮೊದಲ ಚಿತ್ರಕ್ಕೆ ಕೊಟ್ಟದ್ದು ಎರಡೂವರೆ ಸಾವಿರ ರೂಪಾಯಿ, ಎರಡನೆಯದಕ್ಕೆ ಒಂಬತ್ತು ಸಾವಿರ. ಏಳು ವಾರಗಳ ದುಡಿಮೆ, ಮೂರು ಬಾರಿ ಮನೆಗೆ ಬಂದದ್ದು, ತಟ್ಟೆಯನ್ನು ತಿದ್ದಿದ್ದು ಎಲ್ಲವನ್ನೂ ಗಣಿಸಿದರೆ ಮೇಷ್ಟ್ರು ಪಡೆದದ್ದು ಹೆಚ್ಚೇನಲ್ಲ.

ಹಾಗಾಗಿ ಮಾತು ಮೊದಲೇ ಸ್ಪಷ್ಟವಾಗಿರಬೇಕು. ಅಳತೆ, ಮಾಧ್ಯಮ, ಅವಧಿ, ಮುಂಗಡವೆಷ್ಟು, ಕರಡಿನ ಹಂತದಲ್ಲಿ ಎಷ್ಟು ಬಾರಿ ತಿದ್ದಿಸಬಹುದು, ಕಟ್ಟು ಹಾಕಿಸುವ ಖರ್ಚು ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ. ಕರಡನ್ನು ಒಪ್ಪಿ, ಬಣ್ಣ ತುಂಬಿದ ಮೇಲೆ ಭಂಗಿಯನ್ನೇ ಬದಲಿಸಿ ಎನ್ನುವುದು ನ್ಯಾಯವಲ್ಲ.

ಕಾನೂನಿನ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಪ್ರತಿಫಲ ಕೊಟ್ಟು ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಬರೆಸಿದವರದೇ. ಬರೆದ ಕಲಾವಿದರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲ, ಬರೆಸಿದವರಿಗೂ ತಿಳಿದಿಲ್ಲ. ಆದರೆ ಅದೇ ಕಾಯ್ದೆಯ 57ನೆಯ ಸೆಕ್ಷನ್, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕಲಾವಿದನಿಗೇ ಉಳಿಸಿದೆ. ಆದ್ದರಿಂದ ಚಿತ್ರದ ಮೂಲೆಯಲ್ಲಿರುವ ಸಹಿಯನ್ನು ಕಟ್ಟಿನ ಅಂಚಿನಲ್ಲಿ ಮುಚ್ಚಿಬಿಡುವುದಾಗಲಿ, ಚಿತ್ರವನ್ನು ಎಲ್ಲೆಡೆ ಹಂಚಿಕೊಳ್ಳುವಾಗ ಕಲಾವಿದರ ಹೆಸರನ್ನು ಬಿಡುವುದಾಗಲಿ ಸಲ್ಲದು. ಕಲಾವಿದರಿಗೆ ಮುಂದಿನ ಕೆಲಸ ಸಿಗುವುದು ಆ ಹೆಸರಿನಿಂದಲೇ.

ಇನ್ನು ಯಂತ್ರದ ಮಾತು. ಇಂದು ಛಾಯಾಚಿತ್ರವೊಂದನ್ನು ಫೋನಿಗೆ ಉಣಿಸಿದರೆ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ತೈಲವರ್ಣದ ಹೊಳಪಿನ ಚಿತ್ರವನ್ನು ಕೊಡುತ್ತದೆ. ಬೇಕಿದ್ದರೆ ನಾಯಿಗೆ ಮೈಸೂರು ಪೇಟವನ್ನೂ ತೊಡಿಸುತ್ತದೆ. ವಿನೋದಕ್ಕೆ ಅದು ಸರಿ, ಅದನ್ನು ಹಳಿಯಬೇಕಾದ ಕಾರಣವಿಲ್ಲ. ಆದರೆ ಅಸಂಖ್ಯ ಚಿತ್ರಗಳಿಂದ ಕಲಿತ ಯಂತ್ರದ ಒಲವು ಸಾಮಾನ್ಯವಾದುದರ ಕಡೆಗೆ. ಬಹುಪಾಲು ನಾಯಿಗಳ ಕಿವಿ ಇಡಿಯಾಗಿರುತ್ತದೆ. ಹಾಗಾಗಿ ನಿಮ್ಮ ನಾಯಿಯ ಕಿವಿಯೂ ಇಡಿಯಾಗಿಬಿಡುವ ಅಪಾಯ ಇದ್ದೇ ಇದೆ. ಯಂತ್ರಕ್ಕಿಂತಲೂ ನಮ್ಮ ಆತುರ ದೊಡ್ಡ ತೊಡಕು. ನಾನು ಮೊದಲ ಬಾರಿ ಹಣ ಕಟ್ಟಿದ ಸಂಸ್ಥೆಯಲ್ಲಿ ಚಿತ್ರ ಬರೆದದ್ದು ಮನುಷ್ಯನೋ ಯಂತ್ರವೋ ಎಂದು ನಾನು ವಿಚಾರಿಸಲೇ ಇಲ್ಲ. ಹತ್ತು ನಿಮಿಷದಲ್ಲಿ ಮುಗಿಸಬೇಕೆಂದಿದ್ದವನಿಗೆ ಆ ವ್ಯತ್ಯಾಸ ಮುಖ್ಯವಾಗಿರಲಿಲ್ಲ.

ಈಗ ಮೂಗು ಮುರಿಯುವವರ ಆಕ್ಷೇಪಕ್ಕೆ ಬರೋಣ. ಮನುಷ್ಯರಿಗೇ ಗತಿಯಿಲ್ಲದ ಊರಿನಲ್ಲಿ ನಾಯಿಯ ಚಿತ್ರಕ್ಕೆ ಸಾವಿರಾರು ರೂಪಾಯಿಯೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಬೀದಿನಾಯಿಗಳ ಸಮಸ್ಯೆ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶವೆಲ್ಲ ಚರ್ಚಿಸಿತು. ಕಚ್ಚಿಸಿಕೊಂಡ ಮಕ್ಕಳ ನೋವೂ ನಿಜ, ಹಸಿದು ಅಲೆಯುವ ಪ್ರಾಣಿಗಳ ಪಾಡೂ ನಿಜ. ಗೋಡೆಯ ಮೇಲೆ ಚಿತ್ರ ತೂಗುಹಾಕಿ, ಗೇಟಿನ ಹೊರಗಿನ ನಾಯಿಗೆ ಕಲ್ಲು ಎಸೆಯುವ ಮನೆಗಳು ಇಲ್ಲದಿಲ್ಲ. ಮರಿಯಿದ್ದಾಗ ದುಬಾರಿ ಬೆಲೆಗೆ ಕೊಂಡು, ಮುದಿಯಾದಾಗ ರಸ್ತೆಗೆ ಬಿಡುವವರೂ ಇದ್ದಾರೆ. ಅಂಥವರ ಮನೆಯ ಚಿತ್ರ ಶೋಕಿಯೇ ಸರಿ. ನಾಯಿಯ ಹೊಟ್ಟೆ, ಲಸಿಕೆ, ಮುಪ್ಪಿನ ಔಷಧ ಇವುಗಳ ಖರ್ಚನ್ನು ಉಳಿಸಿ ಚಿತ್ರ ಬರೆಸುವವರಿಗೆ ಯಾವ ಕಲಾವಿದನೂ ನೆರವಾಗಲಾರ.

ಆದರೆ ಎಲ್ಲ ನೆನಪನ್ನೂ ಶೋಕಿಯೆಂದು ತಳ್ಳಿಹಾಕುವುದು ದುಡುಕು. ಹಿರಿಯರು ತೀರಿಕೊಂಡಾಗ ಭಾವಚಿತ್ರಕ್ಕೆ ಕಟ್ಟು ಹಾಕಿಸಿ, ಹಾರ ಹಾಕಿ, ನಡುಮನೆಯಲ್ಲಿಡುವ ಪದ್ಧತಿ ನಮ್ಮಲ್ಲಿದೆ. ಆ ದುಃಖಕ್ಕೆ ಹನ್ನೊಂದು, ಹದಿಮೂರು ಎಂದು ದಿನಗಳ ಲೆಕ್ಕವಿದೆ, ಬಂದು ಕೂರುವ ನೆಂಟರಿದ್ದಾರೆ. ಸಾಕಿದ ಪ್ರಾಣಿ ಸತ್ತಾಗ ಇದಾವುದೂ ಇಲ್ಲ. ಅತ್ತರೆ ನಗುತ್ತಾರೆಂಬ ಅಂಜಿಕೆ ಬೇರೆ. ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ನಾಯಿಯೋ ಬೆಕ್ಕೋ ದಿನದ ಜೊತೆಗಾರ. ಅದು ಹೋದಾಗ ಆಗುವ ಶೂನ್ಯ, ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಮಕ್ಕಳಿಗೆ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ. ಚಿತ್ರದ ನೆಪದಲ್ಲಿ ಹೊರಗಿನವರೊಬ್ಬರು ಬಂದು ಪ್ರಶ್ನೆ ಕೇಳಿದಾಗಲೇ ಅಮ್ಮನಿಗೆ ಆ ನಾಯಿ ಏನಾಗಿತ್ತೆಂಬುದು ನನಗೆ ತಿಳಿದದ್ದು. ಒಂಬತ್ತು ಸಾವಿರ ರೂಪಾಯಿಗೆ ಚಿತ್ರದ ಜೊತೆಗೆ ಅದೂ ದೊರೆಯಿತು.

ಚಿತ್ರ ಬರೆಸಬೇಕೆಂದಿರುವವರಿಗೆ ಆದ್ದರಿಂದ ಒಂದೇ ವಿನಂತಿ. ಆರ್ಡರ್ ಕೊಡುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಆ ಪ್ರಾಣಿಯ ಬಗ್ಗೆ ಮಾತನಾಡಿ. ಅದನ್ನು ಹೆಚ್ಚು ಬಲ್ಲವರ ಮಾತು ಮೊದಲು ನಡೆಯಲಿ. ಕೇಳುವ ಕಲಾವಿದರನ್ನು ಹುಡುಕಿ, ಅವರಿಗೆ ಸಮಯ ಕೊಡಿ, ಶ್ರಮಕ್ಕೆ ತಕ್ಕ ಬೆಲೆ ಕೊಡಿ. ಗಾಯದ ಗುರುತು, ನರೆತ ಮೂತಿ, ಕುಂಟುವ ಕಾಲು ಯಾವುದನ್ನೂ ತಿದ್ದಬೇಡಿ ಎಂದು ಹೇಳಿ.

ನಮ್ಮ ಮನೆಯಲ್ಲಿ ಈಗ ಎರಡೂ ಚಿತ್ರಗಳಿವೆ. ಹೂತೋಟದ ನಾಯಿಯ ಚಿತ್ರ ಅಟ್ಟದ ಮೇಲಿದೆ. ಮೇಷ್ಟ್ರು ಬರೆದದ್ದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಅಮ್ಮ ತೋರಿಸಿದ ಜಾಗದಲ್ಲಿದೆ. ಗೋಡೆಯ ನಡುವಿಗೆ ಹಾಕೋಣವೆಂದರೆ ಅವರು ಒಪ್ಪಲಿಲ್ಲ. ಕರಿಯ ಮಲಗುತ್ತಿದ್ದುದು ಕೆಳಗೆ, ಅಷ್ಟು ಎತ್ತರ ಯಾಕೆ ಎಂದರು. ಚಿತ್ರ ಈಗ ನೆಲದಿಂದ ಎರಡಡಿ ಮೇಲಿದೆ. ನೋಡಬೇಕೆಂದರೆ ಬಂದವರು ಬಗ್ಗಬೇಕು.